ಮನೆಯಲ್ಲೇ ರೈಫಲ್ ತೋಟಾ ತುಂಬಲು ಏನು ಕೊಳ್ಳಬೇಕು? ಪ್ರೆಸ್, ಡೈ, ತಕ್ಕಡಿಗಳ ಹೋಲಿಕೆ

ಖಾಲಿಯಾದ ರೈಫಲ್ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಬೇಕು ಅಂದುಕೊಂಡವರು ಮೊದಲು ಪ್ರೆಸ್, ಅಂದರೆ ಸನ್ನೆ ಎಳೆದು ಒತ್ತುವ ಯಂತ್ರ, ಹುಡುಕಲು ಕೂರುತ್ತಾರೆ. ಮೇಜಿನ ಮೇಲೆ ಎದ್ದು ಕಾಣುವ ಯಂತ್ರ ಅದೇ ಅಲ್ವಾ? ಆದರೆ ಗುಂಡು ಗುರಿಯ ಮೇಲೆ ಎಲ್ಲಿ ಬೀಳುತ್ತದೆ, ತುಂಬಿದ ತೋಟಾ ಎಷ್ಟು ಸುರಕ್ಷಿತ ಅನ್ನುವುದು ಪ್ರೆಸ್‌ಗಿಂತ ಜಾಸ್ತಿ ಡೈ (ತೋಟಾ ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚು), ತಕ್ಕಡಿ ಮತ್ತು ಅಳತೆಯ ಸಾಮಾನಿನ ಮೇಲೆ ನಿಂತಿದೆ. ಹಾಗಾಗಿ ಪ್ರೆಸ್‌ಗೆ ಅಗತ್ಯವಿರುವಷ್ಟು ಮಾತ್ರ ಖರ್ಚು ಮಾಡಿ, ಉಳಿದದ್ದನ್ನು ಇವುಗಳ ಮೇಲೆ ಹಾಕಿ ಅನ್ನುವುದು ನನ್ನ ಸಲಹೆ. ಏಕೆ ಅನ್ನುವುದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ವಿಷಯ. ಕೆಲವು ದೇಶಗಳಲ್ಲಿ ಯಾರು ಬೇಕಾದರೂ ಮನೆಯಲ್ಲಿ ತೋಟಾ ತುಂಬಬಹುದು. ಕೆಲವು ಕಡೆ ಮದ್ದು ಮತ್ತು ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೊಳ್ಳಲು ಪರವಾನಗಿ ಬೇಕು. ಇನ್ನು ಕೆಲವು ಕಡೆ ತುಂಬುವ ಕೆಲಸಕ್ಕೇ ಬೇರೆ ಅನುಮತಿ ಬೇಕು. ಮನೆಯಲ್ಲಿ ಎಷ್ಟು ಮದ್ದು ಇಟ್ಟುಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇರುತ್ತದೆ. ನೀವಿರುವ ಕಡೆಯ ನಿಯಮವನ್ನು ಪರವಾನಗಿ ಕೊಡುವ ಕಚೇರಿಯಲ್ಲೇ ಕೇಳಿ ತಿಳಿದುಕೊಂಡು, ಆಮೇಲೆ ಮುಂದಿನ ಸಾಲು ಓದಿ.

ಯಾಕೆ ತುಂಬುತ್ತೀರಿ, ಎಷ್ಟು ತುಂಬುತ್ತೀರಿ?

ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಪ್ರೈಮರ್, ಮದ್ದು, ಗುಂಡು. ಹಾರಿಸಿದ ಮೇಲೆ ಉಳಿಯುವುದು ಕೇಸ್ ಒಂದೇ. ಅದು ಒತ್ತಡಕ್ಕೆ ಉಬ್ಬಿ ಚೇಂಬರಿನ (ರೈಫಲ್ ಒಳಗೆ ತೋಟಾ ಕೂರುವ ಗೂಡು) ಆಕಾರ ಪಡೆದಿರುತ್ತದೆ. ಅದನ್ನು ತೊಳೆದು, ಎಣ್ಣೆ ಸವರಿ, ಡೈಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಉದ್ದ ಜಾಸ್ತಿಯಾಗಿದ್ದರೆ ಕತ್ತರಿಸಬೇಕು. ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸಬೇಕು. ಕೆಲಸ ಇಷ್ಟೇ. ಪ್ರತಿ ಹೆಜ್ಜೆಗೂ ಮೂರು ನಾಲ್ಕು ಬಗೆಯ ಸಾಮಾನು ಸಿಗುತ್ತದೆ, ಆಯ್ಕೆಯ ತಲೆನೋವು ಅಲ್ಲಿಂದ ಶುರು.

ಬರೀ ಉಳಿತಾಯಕ್ಕೆ ಅಂತ ಇದಕ್ಕೆ ಬರುವವರು ಸ್ವಲ್ಪ ಯೋಚಿಸಿ. 223 ರೆಮಿಂಗ್ಟನ್‌ನಂತಹ ತೋಟಾ ಕಾರ್ಖಾನೆಯಲ್ಲಿ ರಾಶಿ ರಾಶಿ ತಯಾರಾಗುತ್ತದೆ. ಅದರಲ್ಲಿ ಉಳಿತಾಯ ಕಡಿಮೆ, ಉಪಕರಣದ ಖರ್ಚು ತೀರಲು ಬಹಳ ಕಾಲ ಬೇಕು. ದೊಡ್ಡ ತೋಟಾ, ಅಪರೂಪದ ತೋಟಾ, ಈಗ ತಯಾರಾಗದ ಹಳೆಯ ತೋಟಾಗಳ ಮಾತು ಬೇರೆ. ಅಲ್ಲಿ ತುಂಬುವುದೇ ದಾರಿ. ನಿಖರತೆ ಬೇಕು ಅನ್ನುವವರಿಗೂ ಇದು ಸರಿಯಾದ ದಾರಿ. ಕಾರ್ಖಾನೆಯ ತೋಟಾ ಎಲ್ಲ ರೈಫಲ್‌ಗೂ ಹೊಂದಬೇಕು, ನೀವು ತುಂಬಿದ್ದು ನಿಮ್ಮ ಚೇಂಬರಿಗೆ ಮಾತ್ರ ಹೊಂದಿದರೆ ಸಾಕು.

ಆದ್ದರಿಂದ ಮೊದಲು ಎಣಿಸಿ. ತಿಂಗಳಿಗೆ ಐವತ್ತೋ ನೂರೋ ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಲ್ಲಿ ಬೋಲ್ಟ್ ಎಳೆಯುವ) ರೈಫಲ್‌ಗೆ ತುಂಬುವವರ ಅಗತ್ಯವೇ ಬೇರೆ. ವಾರಕ್ಕೆ ಮುನ್ನೂರು ಸೆಮಿ ಆಟೊ (ಮುಂದಿನ ತೋಟಾ ತಾನೇ ಒಳಗೆ ಬರುವ) ರೈಫಲ್‌ಗೆ ತುಂಬುವವರದ್ದೇ ಬೇರೆ. ಒಬ್ಬರಿಗೆ ಸರಿಹೋದ ಸಾಮಾನು ಇನ್ನೊಬ್ಬರಿಗೆ ಸುಮ್ನೆ ಭಾರ.

ಪ್ರೆಸ್: ಸಿಂಗಲ್ ಸ್ಟೇಜ್, ಟರೆಟ್, ಪ್ರೋಗ್ರೆಸ್ಸಿವ್

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಹೊತ್ತಿಗೆ ಒಂದೇ ಡೈ. ಐವತ್ತು ಕೇಸ್ ಇದ್ದರೆ ಐವತ್ತನ್ನೂ ಮೊದಲು ಅಳತೆಗೆ ತಂದು, ಡೈ ಬದಲಿಸಿ, ಐವತ್ತಕ್ಕೂ ಗುಂಡು ಕೂರಿಸುವುದು. ಆರ್‌ಸಿಬಿಎಸ್‌ನ ರಾಕ್ ಚಕ್ಕರ್, ಲೀಯ ಕ್ಲಾಸಿಕ್ ಕಾಸ್ಟ್, ಹಾರ್ನಡಿಯ ಲಾಕ್ ಎನ್ ಲೋಡ್ ಕ್ಲಾಸಿಕ್, ರೆಡಿಂಗ್‌ನ ಬಿಗ್ ಬಾಸ್ ಎಲ್ಲ ಈ ಜಾತಿಯವು. ನಿಧಾನ ಹೌದು. ಆದರೆ ರೈಫಲ್ ಕೇಸ್‌ಗೆ ಈ ನಿಧಾನ ಹೊಂದುತ್ತದೆ. ಪ್ರತಿ ಹೆಜ್ಜೆಯ ಕೊನೆಯಲ್ಲಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಕಣ್ಣಾಡಿಸಬಹುದು. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇದರೊಳಗೆ ಚೌಕಟ್ಟಿನ ಆಕಾರದ ವ್ಯತ್ಯಾಸ ಒಂದಿದೆ. ಸುತ್ತಲೂ ಮುಚ್ಚಿದ ಚೌಕಟ್ಟು ಎರಡು ಬದಿಯಿಂದಲೂ ಒತ್ತಡ ಹೊರುತ್ತದೆ, ಬಾಗುವುದಿಲ್ಲ. ಒಂದು ಬದಿ ತೆರೆದ ಚೌಕಟ್ಟಿನಲ್ಲಿ ಕೈ ಆಡಿಸಲು ಜಾಗ ಜಾಸ್ತಿ, ಆದರೆ ದೊಡ್ಡ ಕೇಸ್ ಒತ್ತುವಾಗ ಕೂದಲೆಳೆಯಷ್ಟು ತೆರೆದುಕೊಳ್ಳುತ್ತದೆ. ಉದ್ದದ ಮ್ಯಾಗ್ನಮ್ ಕೇಸ್ ತುಂಬುವವರು ಮುಚ್ಚಿದ್ದನ್ನೇ ತಗೊಳ್ಳಿ. ಅದೂ ಎರಕದ ಕಬ್ಬಿಣದ್ದು. ಅಲ್ಯೂಮಿನಿಯಂನ ಚಿಕ್ಕ ಪ್ರೆಸ್ ಗುಂಡು ಕೂರಿಸಲು, ಹಳೆಯ ಪ್ರೈಮರ್ ಹೊರಹಾಕಲು ಸಾಕು. ಫಾರ್ಸ್ಟರ್‌ನ ಕೋ ಆಕ್ಸ್ ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿದದ್ದು. ಅದರಲ್ಲಿ ಡೈಯನ್ನು ತಿರುಗಿಸಿ ಬಿಗಿಯಬೇಕಿಲ್ಲ, ಮುಂದಿನಿಂದ ಜಾರಿಸಿದರೆ ಸಾಕು. ಡೈಯೂ ಕೇಸೂ ತುಸು ಅಲುಗಾಡುವಂತೆ ಬಿಟ್ಟು, ತಾವೇ ನೇರ ಕೂರುವ ಹಾಗೆ ಮಾಡಿದ್ದಾರೆ. ದುಬಾರಿ, ಆದರೆ ಕೆಲಸ ಚೆನ್ನಾಗಿದೆ.

ಟರೆಟ್ ಪ್ರೆಸ್‌ನ ತಲೆ ತಿರುಗುತ್ತದೆ, ಅದರಲ್ಲಿ ಹಲವು ಡೈ ಒಟ್ಟಿಗೆ ಕೂರುತ್ತವೆ. ಲೀ ಕ್ಲಾಸಿಕ್ ಟರೆಟ್‌ನಲ್ಲಿ 4, ರೆಡಿಂಗ್ ಟಿ-7ರಲ್ಲಿ 7, ಲೈಮನ್‌ನ ಆಲ್ ಅಮೆರಿಕನ್ 8ರಲ್ಲಿ 8. ಜನ ಇದನ್ನು ವೇಗಕ್ಕೆ ಕೊಳ್ಳುತ್ತಾರೆ. ರೈಫಲ್‌ನಲ್ಲಿ ಅದರ ನಿಜವಾದ ಲಾಭ ವೇಗವಲ್ಲ. ಒಮ್ಮೆ ಹೊಂದಿಸಿದ ಡೈಯನ್ನು ಮತ್ತೆ ಮುಟ್ಟಬೇಕಿಲ್ಲ ಅನ್ನುವುದೇ ಲಾಭ. ಎರಡು ಮೂರು ಬಗೆಯ ತೋಟಾ ತುಂಬುವವರಿಗೆ ಇದು ದೊಡ್ಡ ನೆಮ್ಮದಿ. ತಲೆ ಸ್ವಲ್ಪ ಎದ್ದು ಬಾಗುತ್ತದೆ ಅನ್ನುವ ದೂರಿದೆ. ನಿಜ, ಆದರೆ ಪ್ರತಿ ಸಲವೂ ಅಷ್ಟೇ ಬಾಗಿದರೆ ತೊಂದರೆ ಇಲ್ಲ. ಒಳ್ಳೆಯ ಟರೆಟ್‌ಗಳು ಹಾಗೆಯೇ ನಡೆದುಕೊಳ್ಳುತ್ತವೆ. ಹಾರ್ನಡಿಯ ಪ್ರೆಸ್‌ಗಳಲ್ಲಿ ಡೈಗೊಂದು ಬುಶಿಂಗ್ (ಉಂಗುರದಂತಹ ತುಂಡು) ಹಾಕಿ, ಅರ್ಧ ಸುತ್ತಿಗೂ ಕಡಿಮೆ ತಿರುಗಿಸಿ ಬದಲಿಸಬಹುದು. ಇದೇ ಲಾಭ ಸಿಂಗಲ್ ಸ್ಟೇಜ್‌ನಲ್ಲೂ ಸಿಗುವುದರಿಂದ ಟರೆಟ್ ಕಡ್ಡಾಯ ಏನಲ್ಲ.

ಇನ್ನು ಪ್ರೋಗ್ರೆಸ್ಸಿವ್. ಸನ್ನೆಯನ್ನು ಒಮ್ಮೆ ಎಳೆದರೆ ನಾಲ್ಕೈದು ಕೇಸ್‌ಗಳ ಮೇಲೆ ನಾಲ್ಕೈದು ಕೆಲಸ ಒಟ್ಟಿಗೆ ನಡೆದು, ಒಂದು ಸಿದ್ಧ ತೋಟಾ ಹೊರಬೀಳುತ್ತದೆ. ಡಿಲನ್‌ನ 550ರಲ್ಲಿ ನಾಲ್ಕು ಸ್ಥಾನ, ಕೇಸ್ ನಿಲ್ಲುವ ತಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು. ಎಕ್ಸ್‌ಎಲ್ 750 ಮತ್ತು ಹಾರ್ನಡಿಯ ಎಪಿಯಲ್ಲಿ ಐದು ಸ್ಥಾನ, ತಟ್ಟೆ ತಾನೇ ತಿರುಗುತ್ತದೆ. ಪಿಸ್ತೂಲ್ ತೋಟಾಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ರೈಫಲ್‌ಗೆ ಬಂದರೆ ಕತೆ ಬದಲಾಗುತ್ತದೆ.

ಕಾರಣ ಕೇಸಿನ ಆಕಾರದಲ್ಲೇ ಇದೆ. ಕುತ್ತಿಗೆ ಸಣ್ಣದಾದ ರೈಫಲ್ ಕೇಸ್‌ಗೆ ಎಣ್ಣೆ ಸವರದೆ ಡೈಗೆ ಒತ್ತುವಂತಿಲ್ಲ. ಒತ್ತಿದರೆ ಒಳಗೇ ಕಚ್ಚಿಕೊಳ್ಳುತ್ತದೆ. ಒತ್ತಿದ ಮೇಲೆ ಆ ಎಣ್ಣೆ ಒರೆಸಬೇಕು. ಒತ್ತಿದಾಗ ಕೇಸ್ ಉದ್ದವಾಗುವುದರಿಂದ ಅಳೆದು ಕತ್ತರಿಸಲೂಬೇಕು. ಅಂದರೆ ಮೊದಲ ಹೆಜ್ಜೆ ಆದ ಕೂಡಲೇ ಕೇಸ್ ಯಂತ್ರದಿಂದ ಹೊರಬರಲೇಬೇಕು. ಒಂದೇ ಓಟದಲ್ಲಿ ಮುಗಿಯಬೇಕಿದ್ದ ಕೆಲಸ ಎರಡು ಓಟವಾಯಿತು. ಜೊತೆಗೆ ನಿಖರ ಗುರಿಗೆ ಜನ ಬಯಸುವ ವಾರ್ಗೆಟ್, ಎಚ್ 4350ರಂತಹ ಕಡ್ಡಿ ಕಡ್ಡಿ ಮದ್ದು ಯಂತ್ರದ ಅಳತೆಪಾತ್ರೆಯಲ್ಲಿ ಸಲೀಸಾಗಿ ಹರಿಯುವುದಿಲ್ಲ. ಸಣ್ಣ ಕುತ್ತಿಗೆಯಲ್ಲಿ ಅಡ್ಡ ನಿಂತು ಕಟ್ಟಿಕೊಳ್ಳುತ್ತದೆ. ಮೇಲೆ ಕಟ್ಟಿಕೊಂಡು ಆಮೇಲೆ ಜಾರಿದರೆ ಒಂದು ಕೇಸ್‌ಗೆ ಕಡಿಮೆ, ಮುಂದಿನದಕ್ಕೆ ಜಾಸ್ತಿ. ಇದು ಅಪಾಯ.

ಹಾಗಾದರೆ ರೈಫಲ್‌ಗೆ ಪ್ರೋಗ್ರೆಸ್ಸಿವ್ ಬೇಡವೇ ಬೇಡವಾ? ಸೆಮಿ ಆಟೊದಲ್ಲಿ 223 ಅನ್ನು ನೂರಾರು ಲೆಕ್ಕದಲ್ಲಿ ಹಾರಿಸುವವರು, ಸಿಎಫ್‌ಇ 223ರಂತಹ ಸಣ್ಣ ಗೋಲಿಯ ಮದ್ದು ಬಳಸುವವರು ಧಾರಾಳವಾಗಿ ತಗೊಳ್ಳಿ. ಮದ್ದಿನ ಮಟ್ಟ ಹೇಳುವ ಡೈ ಒಂದು ಸ್ಥಾನದಲ್ಲಿ ಇರಲಿ. ಆದರೆ ಇದು ಮೊದಲ ಪ್ರೆಸ್ ಆಗಬಾರದು. ಐದು ಕಡೆ ಐದು ಕೆಲಸ ನಡೆಯುವಾಗ ಯಾವುದರಲ್ಲಿ ಎಡವಟ್ಟಾಗಿದೆ ಅಂತ ಕೈಗೆ ತಿಳಿಯಬೇಕು. ಒಂದೊಂದೇ ಕೆಲಸ ಮಾಡಿದ ಕೈಗೆ ಮಾತ್ರ ಅದು ತಿಳಿಯುತ್ತದೆ.

ಪ್ರೆಸ್ಸೇ ಬೇಡ ಅನ್ನುವ ದಾರಿಯೂ ಇದೆ. ಲೀ ಲೋಡರ್ ಅಂತ ಅಂಗೈಯಷ್ಟು ಕಿಟ್ ಬರುತ್ತದೆ, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕೆಲಸ. ಲೀ ಕಂಪನಿ 1958ರಲ್ಲಿ ಶುರುವಾದದ್ದೇ ಇಂಥ ಕೈ ಉಪಕರಣದಿಂದ. ಅದು ಕೇಸಿನ ಕುತ್ತಿಗೆಯನ್ನು ಮಾತ್ರ ಸರಿ ಮಾಡುತ್ತದೆ. ಹಾಗಾಗಿ ಅದೇ ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ಹಾರಿಸಿದ ಕೇಸ್‌ಗೆ ಮಾತ್ರ ಸರಿ. ಈ ಕೈ ಡೈಗಳ ದೊಡ್ಡಣ್ಣ ಅನ್ನಬಹುದಾದ ವಿಲ್ಸನ್ ಡೈ ಮತ್ತು ಆರ್ಬರ್ ಪ್ರೆಸ್ (ಚಿಕ್ಕ ಕೈ ಪ್ರೆಸ್) ಜೋಡಿಯನ್ನು ಬೆಂಚ್‌ರೆಸ್ಟ್ (ಮೇಜಿನ ಮೇಲೆ ರೈಫಲ್ ಇಟ್ಟು ಹಾರಿಸುವ) ಸ್ಪರ್ಧಿಗಳು ಇಂದಿಗೂ ಬಿಟ್ಟಿಲ್ಲ. ರೇಂಜಿಗೇ ಹೊತ್ತುಕೊಂಡು ಹೋಗಿ ಅಲ್ಲೇ ಗುಂಡು ಕೂರಿಸಬಹುದು, ನೇರವಾಗಿಯೂ ಕೂರುತ್ತದೆ.

ನನ್ನ ಆಯ್ಕೆ ಕೇಳಿದರೆ: ರೈಫಲ್ ಮಾತ್ರ ತುಂಬುವವರಿಗೆ ಎರಕದ ಕಬ್ಬಿಣದ ಸಿಂಗಲ್ ಸ್ಟೇಜ್, ಮುಚ್ಚಿದ ಚೌಕಟ್ಟಿನದ್ದು. ಯಾವ ಕಂಪನಿ ಅನ್ನುವುದು ಮುಖ್ಯವಲ್ಲ. ಮುಂದೆ ಪ್ರೋಗ್ರೆಸ್ಸಿವ್ ಕೊಂಡರೂ ಇದು ಮೇಜಿನಿಂದ ಇಳಿಯುವುದಿಲ್ಲ.

ಡೈ: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಒಳ್ಳೆಯ ಸುದ್ದಿ ಮೊದಲು. ಭಾರೀ ಗಾತ್ರದ ಕೆಲವು ತೋಟಾ ಬಿಟ್ಟರೆ ಎಲ್ಲ ಡೈಗಳ ತಿರುಪಿನ ಮರೆ ಒಂದೇ, ದಪ್ಪ ಇಂಚಿನ ಎಂಟರಲ್ಲಿ ಏಳು ಪಾಲು, ಇಂಚಿಗೆ 14 ಸುತ್ತು. ಒಂದು ಕಂಪನಿಯ ಪ್ರೆಸ್‌ಗೆ ಇನ್ನೊಂದು ಕಂಪನಿಯ ಡೈ ಕೂರುತ್ತದೆ. ಪ್ರೆಸ್ ಅಗ್ಗದ್ದು, ಡೈ ಒಳ್ಳೆಯದು ಅನ್ನುವ ಜೋಡಿ ಆರಾಮಾಗಿ ಸಾಧ್ಯ.

ಅಳತೆಗೆ ತರುವ ಡೈಗಳಲ್ಲಿ ಮುಖ್ಯವಾಗಿ ಮೂರು ಬಗೆ. ಪೂರ್ತಿ ಕೇಸನ್ನು ಒತ್ತುವ ಫುಲ್ ಲೆಂತ್ ಡೈ. ಕುತ್ತಿಗೆಯನ್ನು ಮಾತ್ರ ಒತ್ತುವ ನೆಕ್ ಡೈ. ಕುತ್ತಿಗೆಯ ಬಿಗಿಯನ್ನು ನಾವೇ ಆರಿಸಿಕೊಳ್ಳಬಹುದಾದ ಬುಶಿಂಗ್ ಡೈ.

ನೆಕ್ ಡೈ ಪರವಾಗಿ ಹಳಬರು ಹೇಳುವ ಮಾತಿದೆ: ಹಿತ್ತಾಳೆಯನ್ನು ಕಡಿಮೆ ಹಿಂಸಿಸುತ್ತದೆ, ಕೇಸ್ ಚೇಂಬರಿಗೆ ಹೊಂದಿಕೊಂಡೇ ಇರುತ್ತದೆ, ಬಾಳಿಕೆ ಜಾಸ್ತಿ. ಮಾತಿನಲ್ಲಿ ಹುರುಳಿದೆ. ಆದರೆ ಕೆಲವು ಸಲ ಹಾರಿಸಿದ ಮೇಲೆ ಕೇಸ್ ಎಲ್ಲ ಕಡೆ ದಪ್ಪವಾಗಿ ಬೋಲ್ಟ್ ಬಿಗಿಯಾಗುತ್ತದೆ. ಆಗ ಪೂರ್ತಿ ಒತ್ತಲೇಬೇಕು. ಒಂದು ಸಲ ಒಂದು ಅಳತೆ, ಇನ್ನೊಂದು ಸಲ ಇನ್ನೊಂದು ಅಳತೆ. ಅದಕ್ಕಿಂತ ಪ್ರತಿ ಸಲವೂ ಪೂರ್ತಿ ಡೈಯಲ್ಲಿ ಒಂದೇ ಸಮ ಒತ್ತುವುದು ಮೇಲು ಅನ್ನುವ ಕಡೆಗೆ ಈಗ ಗುರಿಗಾರರು ವಾಲಿದ್ದಾರೆ. ನಾನೂ ಅದೇ ಪಕ್ಷ.

ಆದರೆ ಎಷ್ಟು ಒತ್ತಬೇಕು ಅನ್ನುವುದರಲ್ಲೇ ಎಲ್ಲ ಇದೆ. ಡೈ ಜೊತೆ ಬರುವ ಚೀಟಿ ಹೇಳುವಂತೆ ಅದನ್ನು ಕೇಸ್ ಹಿಡಿಯುವ ತುಂಡಿಗೆ ತಾಗುವವರೆಗೆ ಇಳಿಸಿದರೆ ಕೇಸಿನ ಭುಜ (ಕುತ್ತಿಗೆಯ ಕೆಳಗೆ ಅಗಲವಾಗುವ ಇಳಿಜಾರು) ಅಗತ್ಯಕ್ಕಿಂತ ಜಾಸ್ತಿ ಹಿಂದೆ ಹೋಗಬಹುದು. ಹಾರಿಸಿದಾಗ ಅದು ಮತ್ತೆ ಮುಂದಕ್ಕೆ ಹಿಗ್ಗುತ್ತದೆ. ಹೀಗೆ ಹಿಂದೆ ಮುಂದೆ ಆಗಿ ಆಗಿ ಬುಡದ ಮೇಲ್ಭಾಗದಲ್ಲಿ ಹಿತ್ತಾಳೆ ತೆಳುವಾಗಿ, ಒಂದು ದಿನ ಕೇಸ್ ಅಲ್ಲೇ ತುಂಡಾಗುತ್ತದೆ. ಬೋಲ್ಟ್ ಆಕ್ಷನ್‌ಗೆ ಭುಜ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು, ಅಂದರೆ 0.025ರಿಂದ 0.05 ಮಿಲಿಮೀಟರ್ ಹಿಂದೆ ಹೋದರೆ ಸಾಕು. ಸೆಮಿ ಆಟೊಗೆ ಇಂಚಿನ ಸಾವಿರದಲ್ಲಿ ಮೂರರಿಂದ ಐದು ಪಾಲು ಬೇಕು, ಏಕೆಂದರೆ ಅಲ್ಲಿ ತೋಟಾ ತಡೆಯಿಲ್ಲದೆ ಒಳಗೆ ಕೂರಬೇಕು. ಇದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಕ್ಯಾಲಿಪರ್‌ಗೆ ಸಿಕ್ಕಿಸುವ ಕಂಪ್ಯಾರೇಟರ್ ಅನ್ನುವ ಸಣ್ಣ ತುಂಡು ಸಿಗುತ್ತದೆ, ಬುಡದಿಂದ ಭುಜದವರೆಗೆ ಅಳೆಯುತ್ತದೆ. ದುಬಾರಿ ಪ್ರೆಸ್‌ಗೆ ಹೋಗುವ ದುಡ್ಡಿನಲ್ಲಿ ಒಂದು ಚಿಕ್ಕ ಪಾಲು ಇದಕ್ಕೆ ಕೊಡಿ. ನಿಮ್ಮ ಹಿತ್ತಾಳೆಯ ಆಯುಸ್ಸು ಇದರ ಕೈಯಲ್ಲಿದೆ.

ಕೇಸ್ ತೆಳುವಾಗಿದೆಯಾ ಅಂತ ನೋಡಲು ತಂತಿಯೊಂದರ ತುದಿಯನ್ನು ಚೂಪಾಗಿ ಬಗ್ಗಿಸಿ, ಒಳಗೋಡೆಯ ಮೇಲೆ ಬುಡದಿಂದ ಮೇಲಕ್ಕೆ ಎಳೆಯಿರಿ. ತಗ್ಗು ಸಿಕ್ಕಿ ತಡೆದರೆ ಆ ಕೇಸ್ ಗುಜರಿಗೆ. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಂಡರೂ ಅಷ್ಟೇ.

ಬುಶಿಂಗ್ ಡೈ ಕುತ್ತಿಗೆಯ ಬಿಗಿಯನ್ನು ಇಂಚಿನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಬದಲಿಸಲು ಬಿಡುತ್ತದೆ. ಒಳ್ಳೆಯದೇ. ಆದರೆ ಒಂದೇ ಕಂಪನಿಯ ಕೇಸ್, ಒಂದೇ ದಪ್ಪದ ಕುತ್ತಿಗೆ ಇಲ್ಲದಿದ್ದರೆ ಆ ನಿಖರತೆಗೆ ಅರ್ಥವಿಲ್ಲ. ಹೊಸಬರು ಮೊದಲು ಸಾಮಾನ್ಯ ಎರಡು ಡೈಗಳ ಸೆಟ್ ತಗೊಂಡು, ಅದರಿಂದ ಏನು ಸಿಗುತ್ತದೆ ಅಂತ ಗುರಿಹಾಳೆಯಲ್ಲಿ ನೋಡಲಿ. ಗುಂಡು ಕೂರಿಸುವ ಡೈಗೆ ಮಾತ್ರ ಮೈಕ್ರೋಮೀಟರ್ ತಲೆ ಇರುವುದನ್ನು ಕೊಳ್ಳುವುದು ಸಾರ್ಥಕ. ಗುಂಡಿನ ಆಳವನ್ನು ಸ್ವಲ್ಪ ಸ್ವಲ್ಪ ಬದಲಿಸಿ ನೋಡುವಾಗ ಅದರ ಬೆಲೆ ತಿಳಿಯುತ್ತದೆ.

ಎಣ್ಣೆಯಲ್ಲೂ ಆಯ್ಕೆ ಇದೆ. ಬೆರಳಲ್ಲಿ ಸವರುವ ಮೇಣ ಕಡಿಮೆ ಸಂಖ್ಯೆಗೆ, ದೊಡ್ಡ ಕೇಸ್‌ಗೆ ಅತ್ಯುತ್ತಮ. ಲ್ಯಾನೋಲಿನ್ ಸ್ಪ್ರೇ ನೂರಾರು ಕೇಸ್‌ಗೆ ಅನುಕೂಲ, ಆದರೆ ಒಣಗಲು ಬಿಡಬೇಕು. ಭುಜದ ಮೇಲೆ ಜಾಸ್ತಿ ಬಿದ್ದರೆ ಅಲ್ಲಿ ತಗ್ಗು ಬೀಳುತ್ತದೆ.

ತಕ್ಕಡಿ ಮತ್ತು ಮದ್ದು

ತೋಟಾ ತುಂಬುವವರ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. ತಕ್ಕಡಿಗಳು ತೋರಿಸುವುದು ಗ್ರೇನಿನ ಹತ್ತನೇ ಒಂದು ಪಾಲು, ಅಂದರೆ ಆರೂವರೆ ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಯ ಹತ್ತಿರವೂ ಹೋಗಬೇಡಿ.

ಕೋಲಿನ ತಕ್ಕಡಿಗೆ ಕರೆಂಟು ಬೇಡ, ಬಿಸಿಯಾಗಬೇಕಿಲ್ಲ, ವರ್ಷಗಟ್ಟಲೆ ನಂಬಬಹುದು. ಸಮ ನೆಲ ಬೇಕು, ಗಾಳಿ ಆಡಬಾರದು, ತಾಳ್ಮೆ ಬೇಕು. ಅಗ್ಗದ ಡಿಜಿಟಲ್ ತಕ್ಕಡಿ ವೇಗ, ಆದರೆ ಸೊನ್ನೆ ಜಾರುತ್ತಾ ಹೋಗುತ್ತದೆ. ಫ್ಯಾನಿನ ಗಾಳಿ, ಪಕ್ಕದಲ್ಲಿರುವ ಮೊಬೈಲು, ಕೋಣೆಯ ಬಿಸಿ ಎಲ್ಲವೂ ಅದನ್ನು ಅಲ್ಲಾಡಿಸುತ್ತವೆ. ಕಾಳು ಕಾಳಾಗಿ ಮದ್ದು ಉದುರಿಸುವಾಗ ಕೆಲವು ತಕ್ಕಡಿ ಆ ಏರಿಕೆಯನ್ನು ಗಮನಿಸುವುದೇ ಇಲ್ಲ. ಇವೆರಡರ ನಡುವೆ ನಾನು ಕೋಲಿನದ್ದನ್ನೇ ಮೊದಲು ಕೊಳ್ಳಿ ಅನ್ನುತ್ತೇನೆ. ಡಿಜಿಟಲ್ ಇದ್ದರೆ ತಿಳಿದ ತೂಕದ ಬೊಟ್ಟು ಜೊತೆಗಿರಲಿ. ಶುರುವಿನಲ್ಲಿ, ನಡುನಡುವೆ, ಕೊನೆಯಲ್ಲಿ ಅದನ್ನು ಇಟ್ಟು ನೋಡಿ.

ಆರ್‌ಸಿಬಿಎಸ್ ಚಾರ್ಜ್‌ಮಾಸ್ಟರ್‌ನಂತಹ ಸ್ವಯಂಚಾಲಿತ ಯಂತ್ರ ಮದ್ದನ್ನು ತಾನೇ ಸುರಿದು ತಾನೇ ತೂಗುತ್ತದೆ. ಒಂದನ್ನು ಅದು ತೂಗುವಷ್ಟರಲ್ಲಿ ನೀವು ಹಿಂದಿನದಕ್ಕೆ ಗುಂಡು ಕೂರಿಸಬಹುದು. ಸಿಂಗಲ್ ಸ್ಟೇಜ್ ಪ್ರೆಸ್‌ಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಇದಕ್ಕೂ ಮೇಲೆ, ಕಾಂತದ ಬಲದಿಂದ ತೂಗುವ ಪ್ರಯೋಗಾಲಯ ಮಟ್ಟದ ತಕ್ಕಡಿಗಳಿವೆ. ಎ ಆ್ಯಂಡ್ ಡಿ ಕಂಪನಿಯ ಎಫ್‌ಎಕ್ಸ್ 120ಐ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದು ಬೇಕಾ? ನಲವತ್ತು ಗ್ರೇನ್ ಆಸುಪಾಸು ಮದ್ದು ಹಿಡಿಯುವ ತೋಟಾದಲ್ಲಿ 0.1 ಗ್ರೇನ್ ಅಂದರೆ ಶೇಕಡಾ 0.25ರಷ್ಟು. ನೂರಿನ್ನೂರು ಮೀಟರ್‌ನಲ್ಲಿ ಅದು ಹಾಳೆಯ ಮೇಲೆ ಕಾಣುವುದಿಲ್ಲ. ಎಂಟುನೂರು, ಸಾವಿರ ಮೀಟರ್‌ನಲ್ಲಿ ಗುಂಡುಗಳು ಮೇಲೆ ಕೆಳಗೆ ಹರಡುವುದರಲ್ಲಿ ಕಾಣಬಹುದು. ನೀವು ಹಾರಿಸುವ ದೂರ ನೋಡಿ ತೀರ್ಮಾನಿಸಿ.

ಅಳತೆಪಾತ್ರೆಯಿಂದ ಸುರಿಯುವ ಪೌಡರ್ ಮೆಷರ್ ಗೋಲಿ ಮದ್ದಿಗೆ ಚೆನ್ನ. ಕಡ್ಡಿ ಮದ್ದಿಗೆ ಬಳಸುವಾಗ ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ಸುರಿದು, ತಕ್ಕಡಿಯ ಮೇಲೆ ಕಾಳು ಕಾಳಾಗಿ ಉದುರಿಸಿ ಸರಿ ಮಾಡುವುದು ವಾಡಿಕೆ.

ಈಗ ಆಯ್ಕೆಗೆ ಎಡೆಯೇ ಇಲ್ಲದ ಮಾತು. ಎಷ್ಟು ಮದ್ದು ಅನ್ನುವ ಲೆಕ್ಕವನ್ನು ಮದ್ದಿನ ಅಥವಾ ಗುಂಡಿನ ಕಂಪನಿ ಅಚ್ಚು ಹಾಕಿದ ಕೈಪಿಡಿಯಿಂದ ಮಾತ್ರ ತಗೊಳ್ಳಿ, ಗೆಳೆಯರ ಬಾಯಿಮಾತಿನಿಂದ ಬೇಡ. ಅಲ್ಲಿ ಕೊಟ್ಟ ಅತಿ ಕಡಿಮೆ ತೂಕದಿಂದ ಶುರು ಮಾಡಿ ಸಣ್ಣ ಸಣ್ಣ ಹೆಜ್ಜೆ ಇಡಿ. ಕೇಸ್, ಪ್ರೈಮರ್, ಗುಂಡು, ಮದ್ದಿನ ಹೊಸ ಡಬ್ಬಿ, ಇದರಲ್ಲಿ ಯಾವುದು ಬದಲಾದರೂ ಮತ್ತೆ ಕೆಳಗಿನಿಂದ. ಹೆಸರು ನೋಡಿ ಮೋಸಹೋಗಬೇಡಿ. ಎಚ್ 4350 ಮತ್ತು ಐಎಂಆರ್ 4350 ಬೇರೆ ಬೇರೆ ಮದ್ದು. ಎಚ್ 4895, ಐಎಂಆರ್ 4895 ಕೂಡ ಹಾಗೆಯೇ. ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ. ಎರಡು ಮದ್ದನ್ನು ಎಂದೂ ಬೆರೆಸಬೇಡಿ. ಕೆಲಸದ ಹೊತ್ತಿನಲ್ಲಿ ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 1926ರಲ್ಲಿ ಶುರುವಾದ ಅಮೆರಿಕದ ಸಾಮಿ (ತೋಟಾ, ಬಂದೂಕುಗಳಿಗೆ ಮಿತಿ ನಿಗದಿ ಮಾಡುವ ಸಂಸ್ಥೆ) ತೋಟಾಗಳಲ್ಲೊಂದಾದ 308 ವಿಂಚೆಸ್ಟರ್‌ಗೆ ಇಟ್ಟ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಆ ಒತ್ತಡ ನಿಮ್ಮ ಮುಖದ ಒಂದು ಗೇಣು ಮುಂದೆ ಏಳುತ್ತದೆ. ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟ್ ಎತ್ತಲು ಬಿಗಿಯಾಗುವುದು, ಕೇಸಿನ ಬುಡದಲ್ಲಿ ಖಾಲಿ ಕೇಸ್ ಹೊರಗೆ ಚಿಮ್ಮಿಸುವ ಇಜೆಕ್ಟರ್‌ನ ಗುರುತು ಬೀಳುವುದು, ಇವೆಲ್ಲ ಎಚ್ಚರಿಕೆಯ ಗುರುತುಗಳೇ. ಆದರೆ ಇವು ತಡವಾಗಿ ಕಾಣುವ ಗುರುತು. ಇವು ಕಾಣಲಿಲ್ಲ ಅಂದ ಮಾತ್ರಕ್ಕೆ ಒತ್ತಡ ಮಿತಿಯಲ್ಲಿದೆ ಎಂದಲ್ಲ. ಗುಂಡು ಕೂರಿಸುವ ಮೊದಲು ಎಲ್ಲ ಕೇಸ್‌ಗಳನ್ನೂ ಹಲಗೆಯಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಒಳಗಿನ ಮಟ್ಟ ನೋಡಿ. ಮದ್ದಿಲ್ಲದ ಕೇಸ್ ಕೂಡ ಅಪಾಯವೇ. ಬರೀ ಪ್ರೈಮರ್ ಬಲಕ್ಕೆ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡರೆ ಮುಂದಿನ ಗುಂಡು ನಳಿಗೆಯನ್ನೇ ಸೀಳಬಹುದು.

ಕೇಸ್, ಕತ್ತರಿಸುವುದು, ತೊಳೆಯುವುದು

ಹೊಸ ಕೇಸ್, ನಿಮ್ಮದೇ ರೈಫಲ್‌ನಲ್ಲಿ ಒಮ್ಮೆ ಹಾರಿಸಿದ ಕೇಸ್, ರೇಂಜಿನಲ್ಲಿ ಹೆಕ್ಕಿದ ಕೇಸ್. ಎರಡನೆಯದೇ ಉತ್ತಮ, ಅದರ ಚರಿತ್ರೆ ನಿಮಗೆ ಗೊತ್ತು. ಹೆಕ್ಕಿದ್ದು ಎಷ್ಟು ಸಲ ತುಂಬಿದ್ದು, ಯಾವ ಚೇಂಬರಿನಲ್ಲಿ ಉಬ್ಬಿದ್ದು ಯಾರಿಗೆ ಗೊತ್ತು? ಒಳಗೆ ಬೆಳಕು ಬಿಟ್ಟು ನೋಡಿ. ನಡುವೆ ಒಂದೇ ತೂತಿದ್ದರೆ ಬಾಕ್ಸರ್, ತುಂಬಬಹುದು. ಎರಡು ತೂತಿದ್ದರೆ ಬರ್ಡನ್. ಅದರಲ್ಲಿ ಸಾಮಾನ್ಯ ಡೈಯ ಸೂಜಿ ಮುರಿಯುತ್ತದೆ, ಬಿಟ್ಟುಬಿಡಿ. ಸೈನ್ಯದ ಕೇಸ್‌ಗಳಲ್ಲಿ ಪ್ರೈಮರ್ ಸುತ್ತ ಹಿತ್ತಾಳೆಯನ್ನು ಒತ್ತಿ ಕಚ್ಚಿಸಿರುತ್ತಾರೆ, ಆ ಅಂಚನ್ನು ತೆಗೆಯದೆ ಹೊಸದು ಕೂರುವುದಿಲ್ಲ. ಬುಡದ ಮೇಲಿನ ಮುದ್ರೆ ನೋಡಿ ಕಂಪನಿವಾರು ಬೇರ್ಪಡಿಸಿ. ಗೋಡೆ ದಪ್ಪವಿದ್ದರೆ ಒಳಗಿನ ಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ.

308ರ ಕೇಸ್ 2.015 ಇಂಚಿಗಿಂತ, 223ರದ್ದು 1.760 ಇಂಚಿಗಿಂತ ಉದ್ದವಾಗಬಾರದು. ಉದ್ದವಾದರೆ ಕೇಸಿನ ಬಾಯಿ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಹಿಡಿದುಬಿಡುತ್ತದೆ, ಒತ್ತಡ ಏರುತ್ತದೆ. ಕೆಲವೇ ಕೇಸ್‌ಗಳಿಗೆ ಲೀಯ ನಿಗದಿತ ಉದ್ದದ ಕತ್ತರಿ ಸಾಕು, ತಪ್ಪಾಗಲು ಅವಕಾಶವೇ ಕಡಿಮೆ. ಹಲವು ಬಗೆಯ ತೋಟಾ ಇದ್ದರೆ ಕೈಯಲ್ಲಿ ತಿರುಗಿಸುವ ಲೇತ್ ಮಾದರಿ. ರಾಶಿ ಇದ್ದರೆ ಮೋಟರಿನದ್ದು.

ತೊಳೆಯುವುದರ ಬಗ್ಗೆ ಜನ ವಾದ ಮಾಡುವಷ್ಟು ಅದರಲ್ಲಿ ಏನೂ ಇಲ್ಲ. ಜೋಳದ ದಿಂಡಿನ ಪುಡಿಯಲ್ಲಿ ಅಲುಗಾಡಿಸುವ ಒಣ ಯಂತ್ರ ಸುಲಭ, ಆದರೆ ದೂಳೇಳುತ್ತದೆ. ಆ ದೂಳಿನಲ್ಲಿ ಪ್ರೈಮರ್‌ನಿಂದ ಬಂದ ಸೀಸ ಇರುತ್ತದೆ. ಮನೆಯ ಹೊರಗೆ, ಮುಚ್ಚಳ ಹಾಕಿ, ಮಾಸ್ಕ್ ಕಟ್ಟಿ ಮಾಡಿ. ಸ್ಟೀಲ್ ಕಡ್ಡಿಯ ಜೊತೆ ನೀರಿನಲ್ಲಿ ಉರುಳಿಸಿದರೆ ಚಿನ್ನದಂತೆ ಹೊಳೆಯುತ್ತದೆ, ದೂಳಿಲ್ಲ. ಆದರೆ ಒಣಗಿಸಬೇಕು, ಒಳಗೆ ಸಿಕ್ಕಿದ ಕಡ್ಡಿ ಹುಡುಕಬೇಕು. ಗುರಿಗೆ ಹೊಳಪು ಬೇಕಿಲ್ಲ, ಮಣ್ಣು ಮಸಿ ಇಲ್ಲದಿದ್ದರೆ ಸಾಕು. ಮಕ್ಕಳಿರುವ ಮನೆಯಾದರೆ ನೀರಿನದ್ದನ್ನೇ ಆರಿಸಿ. ಯಾವುದಾದರೂ ಸರಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮೇಜಿನ ಬಳಿ ತಿನ್ನಬೇಡಿ, ಕುಡಿಯಬೇಡಿ.

ಪ್ರೈಮರ್ ಕೂರಿಸಲು ಕೈಯಲ್ಲಿ ಹಿಡಿಯುವ ಉಪಕರಣವೇ ನನಗೆ ಇಷ್ಟ. ಪ್ರೈಮರ್ ತಳಕ್ಕೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಸುಲಭವಾಗಿ ಜಾರಿ ಕೂತರೆ ಆ ಕೇಸಿನ ಕಾಲ ಮುಗಿಯಿತು ಅನ್ನುವುದೂ ತಿಳಿಯುತ್ತದೆ. ಕೂತ ಮೇಲೆ ಅದು ಬುಡದ ಮಟ್ಟಕ್ಕಿಂತ ತುಸು ಒಳಗೇ ಇರಬೇಕು, ಸೆಮಿ ಆಟೊದಲ್ಲಂತೂ ಕಡ್ಡಾಯ. ಕನ್ನಡಕ ಹಾಕಿಯೇ ಕೂರಿ. ಪ್ರೈಮರ್‌ಗಳನ್ನು ಅವು ಬಂದ ಪೆಟ್ಟಿಗೆಯಲ್ಲೇ ಇಡಿ. ಡಬ್ಬಿಗೋ ಬಾಟಲಿಗೋ ರಾಶಿ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಸಿಡಿಯುತ್ತವೆ.

ಹಳೆಯದು ಕೊಳ್ಳಬಹುದಾ?

ಪ್ರೆಸ್ ಧಾರಾಳವಾಗಿ ಕೊಳ್ಳಬಹುದು. ಎರಕದ ಕಬ್ಬಿಣ ಸವೆಯುವುದು ಅಪರೂಪ. ರ್‍ಯಾಮ್ (ಕೇಸನ್ನು ಮೇಲಕ್ಕೆ ಒತ್ತುವ ಕಂಬ) ಹಿಡಿದು ಅಲುಗಾಡಿಸಿ, ಸನ್ನೆಯ ಕೀಲು ನೋಡಿದರೆ ಆಯಿತು. ಕೋಲಿನ ತಕ್ಕಡಿಯಲ್ಲಿ ಚೂಪು ಅಂಚು ಮೊಂಡಾಗಿದೆಯಾ ನೋಡಿ, ತಿಳಿದ ಬೊಟ್ಟಿಟ್ಟು ಪರೀಕ್ಷಿಸಿ. ಡೈಯ ಒಳಗೆ ಟಾರ್ಚ್ ಬಿಡಿ. ತುಕ್ಕಿನ ಕಲೆ, ಗೀರು ಇದ್ದರೆ ಬೇಡ, ಅದು ಪ್ರತಿ ಕೇಸ್ ಮೇಲೂ ಗೆರೆ ಎಳೆಯುತ್ತದೆ. ಕಾಲ ಬದಲಾದಂತೆ ಲೆಕ್ಕಗಳೂ ಬದಲಾಗಿವೆ, ಆದ್ದರಿಂದ ಹಳೆಯ ಕೈಪಿಡಿ ಓದಲು ಮಾತ್ರ, ತುಂಬಲು ಹೊಸದು. ತೆರೆದ ಮದ್ದಿನ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ತಗೊಳ್ಳಬೇಡಿ, ಚೀಟಿಯ ಮೇಲಿರುವುದೇ ಒಳಗಿದೆ ಅಂತ ಹೇಳುವವರಾರು? ಬೇರೆಯವರು ತುಂಬಿದ ತೋಟಾವನ್ನು, ಅವರು ಎಷ್ಟೇ ಹತ್ತಿರದವರಾದರೂ, ನಿಮ್ಮ ರೈಫಲ್‌ಗೆ ಹಾಕಬೇಡಿ. ಬೇಕಿದ್ದರೆ ಗುಂಡು ಕಿತ್ತು, ಮದ್ದು ಚೆಲ್ಲಿ, ಕೇಸ್ ಉಳಿಸಿಕೊಳ್ಳಿ.